ಕೊಲೊರಾಡೊ ಬೆಟ್ಟಗಳಲ್ಲಿ ಮೊದಲ ಸಲ ಜಿಂಕೆ ಬೇಟೆ: ಅರ್ಜಿಯಿಂದ ಅಡುಗೆಮನೆವರೆಗೆ

ಪ್ರತಿ ವರ್ಷ ಫೆಬ್ರವರಿ ಬಂತೆಂದರೆ ಡೆನ್ವರ್, ಬೌಲ್ಡರ್, ಫೋರ್ಟ್ ಕಾಲಿನ್ಸ್ ಕಡೆಯ ಕನ್ನಡದವರು ಅವೇ ಪ್ರಶ್ನೆಗಳನ್ನು ಕೇಳುತ್ತಾರೆ. ಇಲ್ಲಿ ಜಿಂಕೆ ಬೇಟೆಗೆ ನಿಜವಾಗ್ಲೂ ಅನುಮತಿ ಇದೆಯಾ? ಎಚ್-1ಬಿ ವೀಸಾದಲ್ಲಿ ಇರುವವರು ಕೋವಿ ಮುಟ್ಟಬಹುದಾ? ತೋಳ ತಂದು ಬಿಟ್ಟಿದ್ದಾರಂತಲ್ಲ, ಜಿಂಕೆ ಉಳಿದಿವೆಯಾ? ಕೇಳುವವರಲ್ಲಿ ಕೊಡಗು, ಮಲೆನಾಡಿನವರೇ ಜಾಸ್ತಿ. ಅಜ್ಜಂದಿರ ಬೇಟೆ ಕಥೆ ಕೇಳಿ ಬೆಳೆದವರು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ದಾರಿ ಮುಚ್ಚಿತು. ಇಲ್ಲಿ ತೆರೆದಿದೆ, ಆದರೆ ಸಾಲು ಸಾಲು ನಿಯಮಗಳಿವೆ. ಒಂದೊಂದಾಗಿ ಹೇಳುತ್ತೇನೆ.

ಇದು ಕೊಲೊರಾಡೊಗೆ ಬರೆದದ್ದು. ವಯೋಮಿಂಗ್, ಐಡಹೋ, ಮೊಂಟಾನಾದ ನಿಯಮಗಳೇ ಬೇರೆ. ಇಲ್ಲಿನ ಇಲಾಖೆಯ ಹೆಸರು ಕೊಲೊರಾಡೊ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್, ಎಲ್ಲರೂ ಸಿಪಿಡಬ್ಲ್ಯು ಅನ್ನುತ್ತಾರೆ. ಅವರು ಪ್ರತಿ ವರ್ಷ ತರುವ 'ಬಿಗ್ ಗೇಮ್' ಕೈಪಿಡಿ, ಅಂದರೆ ದೊಡ್ಡ ಪ್ರಾಣಿಗಳ ಬೇಟೆಯದು, ಪುಕ್ಕಟೆ. ನನ್ನ ಮಾತಿಗೂ ಕೈಪಿಡಿಗೂ ಹೊಂದದಿದ್ದರೆ ಕೈಪಿಡಿಯನ್ನೇ ನಂಬಿ.

1. ಮೊದಲು ಹಿಂಡಿನ ಲೆಕ್ಕ ನೋಡಿ

ಹೆಚ್ಚಿನವರು ಕೋವಿ ಅಂಗಡಿಯಿಂದ ಶುರು ಮಾಡುತ್ತಾರೆ. ನೀವು ಹಿಂಡಿನಿಂದ ಶುರು ಮಾಡಿ. ಈ ಬರಹದಲ್ಲಿ ಬೇರೆಲ್ಲ ಮರೆತರೂ ಪರವಾಗಿಲ್ಲ, ಇದನ್ನು ಮರೆಯಬೇಡಿ.

ಇಲ್ಲಿನ ಬೆಟ್ಟದ ಜಿಂಕೆ ಮ್ಯೂಲ್ ಡಿಯರ್. ಹೇಸರಗತ್ತೆಗೆ ಇರುವಂಥ ದೊಡ್ಡ ಕಿವಿ, ತುದಿ ಕಪ್ಪಗಿರುವ ತೆಳು ಬಾಲ, ಕವಲೊಡೆದು ಮತ್ತೆ ಕವಲೊಡೆಯುವ ಕೊಂಬು. 2005-06ರ ಸುಮಾರಿಗೆ ಈ ರಾಜ್ಯದಲ್ಲಿ ಇವು 6 ಲಕ್ಷದಷ್ಟಿದ್ದವು. 2013ರ ಹೊತ್ತಿಗೆ 4 ಲಕ್ಷಕ್ಕೂ ಕೆಳಗೆ ಬಂದವು. ಆಮೇಲೆ 2022-23ರ ಚಳಿಗಾಲ ಬಂತು. ರಾಜ್ಯದ ವಾಯವ್ಯ ಮೂಲೆಯಲ್ಲಿ ಹಿಮ ಬಿದ್ದು, ಮೇಲ್ಪದರ ಗಟ್ಟಿಯಾಗಿ, ಜಿಂಕೆಗಳಿಗೆ ಅಡಿಯ ಪೊದೆಗಳೇ ಸಿಗಲಿಲ್ಲ. ವೈಟ್ ರಿವರ್, ಬೇರ್ಸ್ ಇಯರ್ಸ್ ಹಿಂಡುಗಳಿಗೆ ಭಾರಿ ಏಟು ಬಿತ್ತು. ಸಿಪಿಡಬ್ಲ್ಯು ಅಲ್ಲಿನ ಲೈಸೆನ್ಸ್‌ಗಳನ್ನು ದೊಡ್ಡ ಮಟ್ಟದಲ್ಲಿ ಕಡಿತ ಮಾಡಿತು.

ಹಾಗಾದರೆ ತೋಳ, ಮೌಂಟನ್ ಲಯನ್‌ಗಳೇ ಜಿಂಕೆಗಳನ್ನು ಮುಗಿಸುತ್ತಿವೆ ಅಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಬೇಟೆಯಾಡಿ ತಿನ್ನುವ ಪ್ರಾಣಿಗಳು ಇವೆ, ನಿಜ. ಮೌಂಟನ್ ಲಯನ್ ಅಂದರೆ ಪ್ಯೂಮಾ, ಬೆಕ್ಕಿನ ಜಾತಿಯ ದೊಡ್ಡ ಪ್ರಾಣಿ. ಸಿಪಿಡಬ್ಲ್ಯು ಅಂದಾಜಿನಲ್ಲಿ 3,800ರಿಂದ 4,400. ಕಪ್ಪು ಕರಡಿ 17,000ದಿಂದ 20,000. ತೋಳಗಳನ್ನು ತರಬೇಕೆಂದು 2020ರಲ್ಲಿ ಜನರೇ ಮತ ಹಾಕಿದರು, ಗೆಲುವಿನ ಅಂತರ ತೀರ ಕಡಿಮೆ ಇತ್ತು. 2023ರ ಡಿಸೆಂಬರ್‌ನಲ್ಲಿ ಆರೆಗಾನ್‌ನಿಂದ 10, 2025ರ ಜನವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದಿಂದ 15 ತೋಳ ತಂದು ಬಿಟ್ಟರು. ಆದರೆ ಜಿಂಕೆ ಇಳಿಯಲು ಶುರುವಾಗಿದ್ದು ತೋಳ ಬರುವುದಕ್ಕೆ ಎಷ್ಟೋ ವರ್ಷ ಮುಂಚೆ. ಚಳಿಗಾಲದಲ್ಲಿ ಜಿಂಕೆ ಇಳಿದು ಬರುವ ತಗ್ಗು ಜಾಗಗಳಲ್ಲಿ ಮನೆ, ರಸ್ತೆ, ಗ್ಯಾಸ್ ಬಾವಿಗಳು ಎದ್ದವು. ಬರಗಾಲ ಬಂತು. ರೋಗ ಬಂತು. ಐಡಹೋದ ಆಗ್ನೇಯ ಭಾಗದಲ್ಲಿ 1997ರಿಂದ 2003ರವರೆಗೆ ಕಯೋಟಿ (ತೋಳಕ್ಕಿಂತ ಚಿಕ್ಕ, ನರಿಯಂಥ ಪ್ರಾಣಿ), ಪ್ಯೂಮಾಗಳನ್ನು ತೆಗೆದು ನೋಡಿದರು. ಒಟ್ಟಾರೆ ಹಿಂಡು ಹೇಳಿಕೊಳ್ಳುವಷ್ಟು ಬೆಳೆಯಲಿಲ್ಲ, ಹವಾಮಾನದ ಪ್ರಭಾವವೇ ಹೆಚ್ಚು ಅಂತ ಕಂಡುಬಂತು. ಹೊಟ್ಟೆಗಿಲ್ಲದೆ ಚಳಿಗಾಲದಲ್ಲಿ ಹೇಗೂ ಸಾಯಲಿದ್ದ ಮರಿಯನ್ನೇ ಎಷ್ಟೋ ಸಲ ಕಯೋಟಿ ಹಿಡಿದಿರುತ್ತದೆ. ಹಾಗಂತ ಬೇಟೆಯಾಡುವ ಪ್ರಾಣಿಗಳಿಂದ ಏನೂ ಆಗುವುದಿಲ್ಲ ಅಂತಲ್ಲ. ಹಿಂಡು ಮೊದಲೇ ಸೊರಗಿದ್ದಾಗ ಅವುಗಳ ಪಾಲು ಭಾರವಾಗುತ್ತದೆ. ನಮ್ಮ ಪಾಲೂ ಅಷ್ಟೇ.

ಈಗ ಕೆಲಸದ ಮಾತು. ಸಿಪಿಡಬ್ಲ್ಯು ಪ್ರತಿ ಹಿಂಡಿನ ಅಂದಾಜು ಸಂಖ್ಯೆ, ನೂರು ಹೆಣ್ಣಿಗೆ ಎಷ್ಟು ಗಂಡು, ಬೇಟೆಯಲ್ಲಿ ಎಷ್ಟು ಬಿದ್ದವು ಎಲ್ಲವನ್ನೂ ಪ್ರಕಟಿಸುತ್ತದೆ. ಎರಡು ಪದ ಗೊತ್ತಿರಲಿ. ಡಿಎಯು ಅಂದರೆ ಒಂದು ಇಡೀ ಹಿಂಡು ಓಡಾಡುವ ಪ್ರದೇಶ. ಜಿಎಂಯು ಅಂದರೆ ಅದರೊಳಗಿನ ಬೇಟೆ ವಿಭಾಗ, ನಿಮ್ಮ ಲೈಸೆನ್ಸ್ ಇರುವುದು ಇದರ ನಂಬರಿಗೆ. ಐದಾರು ವರ್ಷದ ಅಂಕಿಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ. ಸಂಖ್ಯೆ ಇಲಾಖೆ ಆ ಹಿಂಡಿಗೆ ಇಟ್ಟ ಗುರಿಗಿಂತ ತೀರ ಕೆಳಗಿದ್ದು ಇನ್ನೂ ಇಳಿಯುತ್ತಿದ್ದರೆ ಆ ವಿಭಾಗ ಬಿಡಿ. ಅಲ್ಲಿ ಲೈಸೆನ್ಸ್ ಸಿಗುತ್ತೆ ಅನ್ನುವುದೊಂದೇ ಕಾರಣ ಸಾಲದು.

ಇನ್ನೊಂದು: ಹಿಂಡು ಇಳಿಯುತ್ತಿರುವಲ್ಲಿ ಹೆಣ್ಣಿನ ಲೈಸೆನ್ಸ್ ಬೇಡ. ಒಂದು ಗಂಡು ಹಲವು ಹೆಣ್ಣುಗಳ ಜೊತೆ ಕೂಡುತ್ತದೆ, ಹಾಗಾಗಿ ಕೆಲವು ಗಂಡು ಹೋದರೆ ಮುಂದಿನ ವರ್ಷದ ಮರಿಗಳು ಅಷ್ಟಾಗಿ ಕಡಿಮೆಯಾಗುವುದಿಲ್ಲ. ಹೆಣ್ಣು ಹೋದರೆ ಅವಳ ಜೊತೆ ಮುಂದಿನ ವರ್ಷಗಳ ಅವಳಿ ಮರಿಗಳೂ ಹೋದವು.

2. ವೀಸಾ ಮತ್ತು ಕೋವಿ: ಇಲ್ಲಿ ಎಡವಬೇಡಿ

ಗ್ರೀನ್ ಕಾರ್ಡ್ ಅಥವಾ ಪೌರತ್ವ ಇದ್ದರೆ ಈ ಹಂತ ದಾಟಿ ಮುಂದೆ ಹೋಗಿ. ಎಚ್-1ಬಿ, ಎಫ್-1 ಥರದ ತಾತ್ಕಾಲಿಕ ವೀಸಾದಲ್ಲಿ ಬಂದವರು ಎರಡು ಸಲ ಓದಿ.

ಇಂಥ ವೀಸಾದವರು ಕೋವಿಯಾಗಲಿ ತೋಟಾ ಆಗಲಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಇದಕ್ಕಿರುವ ಮುಖ್ಯ ವಿನಾಯಿತಿ, ಅಮೆರಿಕದಲ್ಲಿ ಕಾನೂನು ಪ್ರಕಾರ ಪಡೆದ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಲೈಸೆನ್ಸ್ ಮೊದಲು, ಕೋವಿ ಆಮೇಲೆ. ಎಷ್ಟೋ ಜನ ಗೆಳೆಯನ ಜೊತೆ ಶೂಟಿಂಗ್ ರೇಂಜಿಗೆ ಹೋಗಿ 'ಸುಮ್ನೆ ಒಂದು ಈಡು' ಹೊಡೆದು ಬರುತ್ತಾರೆ. ಲೈಸೆನ್ಸ್ ಇಲ್ಲದೆ ಆ ಕೋವಿ ಕೈಗೆ ತೆಗೆದುಕೊಂಡದ್ದೇ ಅಪರಾಧವಾಗಬಹುದು, ಮತ್ತು ಅದು ನೇರ ನಿಮ್ಮ ವೀಸಾಕ್ಕೆ ಬಂದು ತಾಗುತ್ತದೆ.

ಲೈಸೆನ್ಸ್ ಮುಗಿದ ದಿನವೇ ವಿನಾಯಿತಿಯೂ ಮುಗಿಯಿತು. ಕೊಲೊರಾಡೊದ ವಾರ್ಷಿಕ ಸ್ಮಾಲ್ ಗೇಮ್ ಲೈಸೆನ್ಸ್, ಅಂದರೆ ಮೊಲ, ಹಕ್ಕಿಗಳಂಥ ಸಣ್ಣ ಬೇಟೆಯದು, ಮಾರ್ಚ್ 1ರಿಂದ ಮುಂದಿನ ಮಾರ್ಚ್ 31ರವರೆಗೆ ನಡೆಯುತ್ತದೆ. ಕೋವಿ ಮನೆಯಲ್ಲಿ ಇರುವಷ್ಟು ಕಾಲ ಒಂದು ದಿನವೂ ಬಿಡದೆ ಅದನ್ನು ಹೊಸದು ಮಾಡಿಸುತ್ತಿರಿ. ಖರೀದಿಗೆ ಮುಂಚೆ ವಲಸೆ ವಕೀಲರ ಹತ್ತಿರ ಒಂದು ಸಲ ಮಾತಾಡಿ, ಆ ಖರ್ಚಿಗೆ ಹಿಂದೆ ಮುಂದೆ ನೋಡಬೇಡಿ.

ಗಾಂಜಾ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ಈ ರಾಜ್ಯದಲ್ಲಿ ಅದು ಅಂಗಡಿಯಲ್ಲೇ ಸಿಗುತ್ತದೆ. ಫೆಡರಲ್ ಕಾನೂನಿನಲ್ಲಿ ಮಾತ್ರ ಈಗಲೂ ತಪ್ಪು, ಕೋವಿ ಕೊಳ್ಳುವಾಗ ತುಂಬುವ ಫಾರಂನಲ್ಲಿ ಆ ಪ್ರಶ್ನೆ ಇದೆ. ಅಲ್ಲಿ ಸುಳ್ಳು ಬರೆದರೆ ಅದು ಬೇರೆಯೇ ಅಪರಾಧ.

3. ತರಬೇತಿ

1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದ ಎಲ್ಲರೂ ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿ ಕಾರ್ಡ್ ಪಡೆಯಬೇಕು. ಊರಲ್ಲಿ ಕೋವಿ ಹಿಡಿದು ಬೆಳೆದವರಿಗೂ ಇದು ಬಿಟ್ಟಿಲ್ಲ. ಚಳಿಗಾಲದಲ್ಲೇ ಮುಗಿಸಿ, ಬೇಸಿಗೆಯ ಕೊನೆಗೆ ತರಗತಿಗಳು ತುಂಬಿಬಿಡುತ್ತವೆ.

4. ಅರ್ಜಿ

ಕೊಲೊರಾಡೊದಲ್ಲಿ ಜಿಂಕೆ ಲೈಸೆನ್ಸ್ ಅಂಗಡಿಗೆ ಹೋಗಿ ಕೊಳ್ಳುವಂಥದ್ದಲ್ಲ. 1999ರಿಂದ ಎಲ್ಲವೂ ಲಾಟರಿ, 'ಡ್ರಾ' ಅನ್ನುತ್ತಾರೆ. ಮಾರ್ಚ್ 1ಕ್ಕೆ ಶುರು, ಏಪ್ರಿಲ್ ಮೊದಲ ವಾರಕ್ಕೆ ಮುಗೀತು. ಬೇಟೆ ಇರುವುದು ಅಕ್ಟೋಬರ್, ನವೆಂಬರ್‌ನಲ್ಲಿ. ಸೆಪ್ಟೆಂಬರ್‌ನಲ್ಲಿ ಎಚ್ಚೆತ್ತು ಫೋನ್ ಮಾಡುವವರಿಗೆ ನಾನು ಹೇಳುವುದು ಒಂದೇ, ಬರುವ ಮಾರ್ಚ್‌ಗೆ ಕಾಯಿರಿ.

ಅರ್ಜಿಗೆ ಮುಂಚೆ ಒಂದು ಅರ್ಹತಾ ಲೈಸೆನ್ಸ್ ಬೇಕು. ಮೇಲೆ ಹೇಳಿದ ಸ್ಮಾಲ್ ಗೇಮ್ ಲೈಸೆನ್ಸ್ ಅದಕ್ಕೂ ಆಗುತ್ತದೆ. ರಾಜ್ಯದಲ್ಲಿ ಸತತ ಆರು ತಿಂಗಳು ವಾಸವಿದ್ದರೆ ನಿವಾಸಿ ದರ, ಹೊರಗಿನವರಿಗೆ ಹಲವು ಪಟ್ಟು ಜಾಸ್ತಿ. ಆರು ತಿಂಗಳು ತುಂಬುವ ಮೊದಲೇ ನಿವಾಸಿ ಅಂತ ಬರೆದರೆ ಕೇಸ್ ಆಗುತ್ತದೆ.

ಅರ್ಜಿಯಲ್ಲಿ ನಾಲ್ಕು ಆಯ್ಕೆ ಬರೆಯಬಹುದು. ಮೊದಲ ಆಯ್ಕೆ ಸಿಗದಿದ್ದರೆ ಒಂದು ಪ್ರಿಫರೆನ್ಸ್ ಪಾಯಿಂಟ್ ಸಿಗುತ್ತದೆ, ಅಂದರೆ ಮುಂದಿನ ವರ್ಷಗಳಲ್ಲಿ ಸರದಿಯಲ್ಲಿ ಮುಂದೆ ನಿಲ್ಲಿಸುವ ಅಂಕ. ಅಂಕ ಖರ್ಚಾಗುವುದು ಮೊದಲ ಆಯ್ಕೆ ಸಿಕ್ಕಾಗ ಮಾತ್ರ. ಹೊಸಬರು ಹೆಸರುವಾಸಿ ವಿಭಾಗವನ್ನೇ ನಾಲ್ಕೂ ಕಡೆ ಬರೆದು ವರ್ಷಗಟ್ಟಲೆ ಮನೆಯಲ್ಲಿ ಕೂರುತ್ತಾರೆ. ಎರಡನೇ ಆಯ್ಕೆಗೆ ಅಂಕವೇ ಬೇಡದ, ಹಿಂಡು ಗಟ್ಟಿಯಾಗಿರುವ ಸಾಧಾರಣ ವಿಭಾಗವೊಂದನ್ನು ಹಾಕಿ. ಕಲಿಯುವುದಕ್ಕೆ ಅದೇ ಸರಿ.

ರೈಫಲ್ ಸೀಸನ್ ನಾಲ್ಕು. ಮೊದಲನೆಯದು ಎಲ್ಕ್‌ಗೆ, ಅಂದರೆ ಜಿಂಕೆ ಜಾತಿಯ ಇನ್ನೊಂದು ದೊಡ್ಡ ಪ್ರಾಣಿಗೆ, ಜಿಂಕೆಗೆ ಎರಡನೆಯದರಿಂದ. ಅಕ್ಟೋಬರ್ ಕೊನೆಯ ಎರಡನೇ ಸೀಸನ್‌ನಲ್ಲಿ ಹವೆ ಹಿತವಾಗಿರುತ್ತದೆ, ಜಿಂಕೆ ಚದುರಿ ಎತ್ತರದಲ್ಲೇ ಇರುತ್ತವೆ. ನವೆಂಬರ್‌ನಲ್ಲಿ ಹಿಮ ಅವನ್ನು ಕೆಳಗೆ ತಳ್ಳುತ್ತದೆ, ಗಂಡುಗಳು ಬೆದೆಯ ಗುಂಗಿನಲ್ಲಿ ಹಗಲೂ ಓಡಾಡುತ್ತವೆ. ಆಗ ಹೊಡೆಯುವುದು ಸುಲಭ. ಸುಲಭ ಅನ್ನುವ ಕಾರಣಕ್ಕೇ ಆ ಲೈಸೆನ್ಸ್‌ಗಳು ಕಡಿಮೆ.

5. ಕೋವಿ, ತೋಟಾ, ಬಟ್ಟೆ

ಬೋಲ್ಟ್ ಆಕ್ಷನ್ ರೈಫಲ್, ಅಂದರೆ ಪ್ರತಿ ಈಡಿಗೂ ಕೈಯಿಂದ ಹಿಡಿ ಎಳೆದು ತೋಟಾ ಏರಿಸುವಂಥದ್ದು, ಸಾಕು. ತೋಟಾದ ಅಳತೆ .243, 6.5 ಕ್ರೀಡ್‌ಮೂರ್, .270, .308 ಯಾವುದಾದರೂ ಆದೀತು. ಇಲ್ಲಿ ದುಡ್ಡು ಕೊಟ್ಟ ಮೇಲೂ ಕೋವಿ ಕೈಗೆ ಬರಲು ಮೂರು ದಿನ ಕಾಯಬೇಕು. ಮನೆಯಲ್ಲಿ ಮಕ್ಕಳಿದ್ದರೆ ಬೀಗ ಹಾಕಿಡುವುದು ಕಾನೂನು.

ಸಾಧ್ಯವಾದರೆ ತಾಮ್ರದ ಗುಂಡು ತೆಗೆದುಕೊಳ್ಳಿ. ಸೀಸದ ಗುಂಡು ಒಡೆದು ಕಣ್ಣಿಗೆ ಕಾಣದ ಚೂರುಗಳಾಗಿ ಮಾಂಸದೊಳಗೆ ಚದುರುತ್ತದೆ. ಅದನ್ನು ನಿಮ್ಮ ಮಕ್ಕಳೂ ತಿನ್ನುತ್ತಾರೆ, ಬಿಟ್ಟುಬಂದ ಕರುಳನ್ನು ತಿನ್ನುವ ಹದ್ದುಗಳೂ ತಿನ್ನುತ್ತವೆ.

ಅಭ್ಯಾಸ ಮಾಡುವಾಗ ಬೆಂಚಿನ ಮೇಲೆ ಮಾತ್ರ ಕೂರಬೇಡಿ. ಮಲಗಿ, ಕೂತು, ಬೆನ್ನುಚೀಲದ ಮೇಲೆ ಕೋವಿ ಇಟ್ಟು, ಓಡಿ ಬಂದು ಏದುಸಿರಿನಲ್ಲಿ ಹೊಡೆದು ನೋಡಿ. ಊಟದ ತಟ್ಟೆಯಷ್ಟು ಜಾಗಕ್ಕೆ ಪ್ರತಿ ಸಲವೂ ತಾಗುವ ದೂರ ಎಷ್ಟೋ ಅಷ್ಟೇ ನಿಮ್ಮ ಮಿತಿ. ಹೊಸಬರಿಗೆ 200 ಗಜ ಸಾಕಷ್ಟಾಯಿತು.

ಸೊಂಟದಿಂದ ಮೇಲಕ್ಕೆ ಕನಿಷ್ಠ 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣ ಇರಲೇಬೇಕು, ಟೋಪಿಯೂ ಅದೇ ಬಣ್ಣದ್ದು. ಎಲೆಚಿತ್ರ ಬೆರೆತ ಕಿತ್ತಳೆ ಲೆಕ್ಕಕ್ಕಿಲ್ಲ.

6. ಜಾಗ ಮತ್ತು ಗಡಿ

ನ್ಯಾಷನಲ್ ಫಾರೆಸ್ಟ್ ಮತ್ತು ಬಿಎಲ್ಎಂ (ಫೆಡರಲ್ ಸರ್ಕಾರದ ಭೂ ಇಲಾಖೆ) ಜಮೀನು ಸಾರ್ವಜನಿಕ. ಆದರೆ ಖಾಸಗಿ ಜಮೀನಿಗೆ ಬೇಲಿ, ಬೋರ್ಡ್ ಇರಬೇಕೆಂಬ ನಿಯಮ ಇಲ್ಲಿಲ್ಲ. ಗಡಿ ಗೊತ್ತಿರಬೇಕಾದ್ದು ನಿಮಗೆ. ಫೋನಿನಲ್ಲಿ ಗಡಿ ತೋರಿಸುವ ನಕ್ಷೆಯ ಆ್ಯಪ್ ಹಾಕಿಕೊಂಡು, ನೆಟ್‌ವರ್ಕ್ ಇಲ್ಲದಿದ್ದರೂ ತೆರೆಯುವಂತೆ ಮೊದಲೇ ಇಳಿಸಿಕೊಳ್ಳಿ. ಬೇಸಿಗೆಯಲ್ಲಿ ಒಮ್ಮೆಯಾದರೂ ಹೋಗಿ ನಡೆದು ಬನ್ನಿ. ಇಲ್ಲಿನ ಬೇಟೆ ನಡೆಯುವುದು ಹೆಚ್ಚಾಗಿ 8,000ದಿಂದ 11,000 ಅಡಿ ಎತ್ತರದಲ್ಲಿ, ತಲೆಸುತ್ತು ಬಂದರೆ ಇಳಿಯುವುದು ಬಿಟ್ಟರೆ ಬೇರೆ ಮದ್ದಿಲ್ಲ.

7. ಬೇಟೆಯ ದಿನ

ಊರಿನ ಬೇಟೆಯ ಕ್ರಮವನ್ನು ಇಲ್ಲಿಗೆ ತರಬೇಡಿ. ಒಂದಷ್ಟು ಜನ ಹಳು ನುಗ್ಗಿ, ಉಳಿದವರು ಕೋವಿ ಹಿಡಿದು ಕಾದು, ಯಾರ ಈಡಿಗೆ ಬಿದ್ದರೂ ಪಾಲು ಹಾಕಿಕೊಳ್ಳುವ ಪದ್ಧತಿ ನಮ್ಮದು. ಇಲ್ಲಿ ನಿಮ್ಮ ಲೈಸೆನ್ಸಿನ ಜಿಂಕೆಯನ್ನು ನೀವೇ ಹೊಡೆಯಬೇಕು, ಭಾವನ ಲೈಸೆನ್ಸಿಗೆ ನೀವು ಹೊಡೆಯುವಂತಿಲ್ಲ. ರಾತ್ರಿ ಬೆಳಕು ಬಿಟ್ಟು ಹೊಡೆಯುವುದು, ಮೇವು ಹಾಕಿ ಕಾಯುವುದು, ಡ್ರೋನ್‌ನಲ್ಲಿ ಹುಡುಕುವುದು ಎಲ್ಲ ಅಪರಾಧ. ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲಿಂದ ಮುಳುಗಿದ ಅರ್ಧ ಗಂಟೆವರೆಗೆ ಮಾತ್ರ ಸಮಯ. ರಸ್ತೆಯ ನಡುಗೆರೆಯಿಂದ 50 ಅಡಿಯಾದರೂ ದೂರ ಹೋಗಿ ಹೊಡೆಯಬೇಕು.

ಇಲ್ಲಿ ಬೇಟೆ ಅಂದರೆ ಮುಕ್ಕಾಲು ಪಾಲು ಕೂತು ನೋಡುವುದು. ಬೆಳಕು ಹರಿಯುವ ಮುಂಚೆ ಎದುರು ಇಳಿಜಾರು ಕಾಣುವ ಜಾಗ ಸೇರಿ. 10x42 ಬೈನಾಕ್ಯುಲರ್ ಅನ್ನು ಟ್ರೈಪಾಡ್ ಮೇಲೆ ಕೂರಿಸಿ, ಇಳಿಜಾರನ್ನು ಪಟ್ಟಿ ಪಟ್ಟಿಯಾಗಿ ನಿಧಾನ ನೋಡಿ. ಇಡೀ ಜಿಂಕೆಯನ್ನು ಹುಡುಕಬೇಡಿ, ಅದು ಸಿಗುವುದಿಲ್ಲ. ಬೂದುಬಣ್ಣದ ಸೇಜ್‌ಬ್ರಶ್ ಪೊದೆಗಳ ನಡುವೆ ಒಂದು ಅಡ್ಡ ಗೆರೆ ಕಾಣುತ್ತೆ, ಅದು ಬೆನ್ನು. ಖಾಲಿ ಅಂದುಕೊಂಡ ಜಾಗದಲ್ಲಿ ಒಂದು ಕಿವಿ ಪಟ್ಟನೆ ಆಡಿ ನಿಲ್ಲುತ್ತೆ. ಅಲ್ಲೇ ದೃಷ್ಟಿ ಇಟ್ಟುಕೊಂಡಿದ್ದರೆ ಸ್ವಲ್ಪ ಹೊತ್ತಿಗೆ ಆ ಕಿವಿಯ ಪಕ್ಕ ಮೂಗು, ಅದರ ಹಿಂದೆ ಇನ್ನೆರಡು ಜಿಂಕೆ ಮೂಡುತ್ತವೆ. ಬೆಳಗ್ಗೆ ಮೇದು, ಬಿಸಿಲೇರಿದ ಮೇಲೆ ನೆರಳಿನ ಉತ್ತರ ಮಗ್ಗುಲಲ್ಲಿ ಹೋಗಿ ಮಲಗುತ್ತವೆ. ಮಲಗಿದ ಜಾಗ ಗುರುತಿಟ್ಟುಕೊಂಡು ಗಾಳಿ ನೋಡಿ ಹೊರಡಿ. ಬಿಸಿಲು ಬಿದ್ದ ಮೇಲೆ ಗಾಳಿ ಬೆಟ್ಟ ಹತ್ತುತ್ತದೆ, ಸಂಜೆ ತಣಿದ ಮೇಲೆ ಇಳಿಯುತ್ತದೆ. ಹಗಲು ಮೇಲಿಂದ ಇಳಿದು ಹೋದರೆ ನಿಮ್ಮ ವಾಸನೆ ಅವಕ್ಕೆ ತಾಗದು.

8. ಈಡು

ಪಕ್ಕಕ್ಕೆ ತಿರುಗಿ ನಿಂತಾಗ, ಮುಂಗಾಲಿನ ಹಿಂದೆ, ಎದೆಯ ಕೆಳಗಿನಿಂದ ಮೂರನೇ ಒಂದು ಪಾಲು ಮೇಲೆ. ಅಲ್ಲಿ ಶ್ವಾಸಕೋಶ ಇದೆ. ಓಡುವ ಜಿಂಕೆಗೆ, ಬೆನ್ನು ತೋರಿಸಿದ್ದಕ್ಕೆ, ದಿಬ್ಬದ ಅಂಚಿನಲ್ಲಿ ಆಕಾಶಕ್ಕೆ ನಿಂತದ್ದಕ್ಕೆ ಹೊಡೆಯಬೇಡಿ. ಗಾಯಗೊಂಡು ಹೋಗಿ ಎಲ್ಲೋ ಸತ್ತ ಜಿಂಕೆ ಯಾವ ಲೆಕ್ಕದಲ್ಲೂ ಬರುವುದಿಲ್ಲ, ಹಿಂಡಿನಿಂದ ಮಾತ್ರ ಕಳೆದುಹೋಗಿರುತ್ತದೆ. ಸೊರಗಿದ ಹಿಂಡಿನಲ್ಲಿ ಇದಕ್ಕಿಂತ ದೊಡ್ಡ ತಪ್ಪು ನನಗೆ ಕಾಣುವುದಿಲ್ಲ. ಅನುಮಾನ ಬಂದರೆ ಬೆರಳು ತೆಗೆಯಿರಿ. ಬರಿಗೈಲಿ ಮನೆಗೆ ಬರುವುದು ಇಲ್ಲಿ ತೀರ ಸಾಮಾನ್ಯ.

ಯಾವ ಪ್ರಾಣಿ ಅಂತ ಖಾತ್ರಿ ಮಾಡಿಕೊಳ್ಳಿ. ಕಯೋಟಿ ಅಂದುಕೊಂಡು ತೋಳಕ್ಕೆ ಹೊಡೆದರೆ ದೊಡ್ಡ ದಂಡ, ಜೈಲು ಎರಡೂ ಇವೆ, ಬೇಟೆಯ ಹಕ್ಕೂ ಹೋಗಬಹುದು. ಕಯೋಟಿ 30-40 ಪೌಂಡಿನ ಸಣಕಲು ಪ್ರಾಣಿ, ಮೂತಿ ಚೂಪು, ಕಿವಿ ಉದ್ದ. ತೋಳ ಅದರ ಎರಡರಷ್ಟು ಮೀರಿ ತೂಗುತ್ತದೆ, ಮೂತಿ ಅಗಲ, ಕಿವಿ ಗಿಡ್ಡ.

ಹೊಡೆದ ಮೇಲೆ ಅರ್ಧ ಗಂಟೆ ಕೂತಿರಿ. ಕೂಡಲೇ ಓಡಿದರೆ ಪೆಟ್ಟು ತಿಂದದ್ದು ಎದ್ದು ಇನ್ನೂ ದೂರ ಹೋಗುತ್ತದೆ. ಆಮೇಲೆ ಅದು ನಿಂತಿದ್ದ ಜಾಗಕ್ಕೆ ಹೋಗಿ ರಕ್ತದ ಜಾಡು ಹಿಡಿಯಿರಿ.

9. ಬಿದ್ದ ಮೇಲೆ

ಮೊದಲ ಕೆಲಸ ಟ್ಯಾಗ್. ಲೈಸೆನ್ಸಿನ ಆ ತುಂಡು ಹರಿದು ಸಹಿ, ದಿನಾಂಕ ಹಾಕಿ. ಫೋಟೊ ಆಮೇಲೆ. ಗಂಡೋ ಹೆಣ್ಣೋ ತೋರಿಸುವ ಗುರುತು ಮಾಂಸಕ್ಕೆ ಅಂಟಿಕೊಂಡೇ ಇರಬೇಕು, ಅದನ್ನು ಕತ್ತರಿಸಿ ಎಸೆದು ದಂಡ ಕಟ್ಟುವವರು ಬಹಳ. ನಾಲ್ಕು ಕಾಲು, ಬೆನ್ನಿನ ಎರಡು ಪಟ್ಟಿ, ಒಳಗಿನ ಎಳೆ ಮಾಂಸ ಇಷ್ಟನ್ನಾದರೂ ಬಿಡದೆ ತರಬೇಕೆಂಬುದು ಕಾನೂನು. ಕೊಂಬು ಮಾತ್ರ ಹೊತ್ತು ತರುವಂತಿಲ್ಲ.

ಕೈಗವಸು ಹಾಕಿ. ಬೆನ್ನುಮೂಳೆ, ಮಿದುಳು ಕೊಯ್ಯಬೇಡಿ. ಕಾರಣ ಮುಂದೆ ಇದೆ. ಚರ್ಮ ಬೇಗ ತೆಗೆದು ಮಾಂಸವನ್ನು ಗಾಳಿಯಾಡುವ ಬಟ್ಟೆ ಚೀಲಗಳಲ್ಲಿ ತುಂಬಿ ನೆರಳಿಗೆ ತೂಗುಹಾಕಿ. ಪ್ಲಾಸ್ಟಿಕ್ ಚೀಲ ಬೇಡ, ಬಿಸಿ ಒಳಗೇ ಉಳಿದು ಕೆಡುತ್ತದೆ.

ಒಂದೇ ಸಲಕ್ಕೆ ಹೊರಲಾಗದೆ ಎರಡನೇ ಸಲ ವಾಪಸ್ ಬರುವಾಗ ಎಚ್ಚರ. ಮಾಂಸವನ್ನು ಕರುಳಿನ ರಾಶಿಯಿಂದ ದೂರ, ನಿಮಗೆ ದೂರದಿಂದಲೇ ಕಾಣುವ ಬಯಲಿನ ಮರಕ್ಕೆ ಕಟ್ಟಿರಿ. ಹತ್ತಿರ ಬರುವಾಗ ಜೋರಾಗಿ ಮಾತಾಡಿ. ಕಾಗೆಗಳು ಕೂತಿದ್ದವು ಇದ್ದಕ್ಕಿದ್ದಂತೆ ಎದ್ದು ಮರದಲ್ಲೇ ಕಾದಿದ್ದರೆ ಕೆಳಗೆ ಯಾರೋ ಇದ್ದಾರೆ ಅಂತ ಅರ್ಥ. ಕರಡಿ ಬಂದು ಹಕ್ಕು ಸ್ಥಾಪಿಸಿದ್ದರೆ ಮಾಂಸ ಬಿಟ್ಟುಕೊಡಿ. ದಾರಿಯಲ್ಲಿ ಎಲೆ, ಕಡ್ಡಿ, ಮಣ್ಣು ಕೆರೆದು ಮುಚ್ಚಿದ ಜಿಂಕೆ ಕಂಡರೆ, ಬದಿಯಿಂದ ಕೂದಲು ನೀಟಾಗಿ ಕಿತ್ತು ಹಾಕಿದ್ದರೆ, ಅದು ಪ್ಯೂಮಾ ಬಚ್ಚಿಟ್ಟ ಊಟ. ಅಲ್ಲಿ ನಿಲ್ಲಬೇಡಿ, ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಪ್ಯೂಮಾ ಎದುರಾದರೆ ಓಡಬೇಡಿ, ಕೈ ಎತ್ತಿ ದೊಡ್ಡದಾಗಿ ಕಾಣಿಸಿಕೊಳ್ಳಿ, ಬೆನ್ನು ತೋರಿಸಬೇಡಿ. ಬೇರ್ ಸ್ಪ್ರೇ, ಅಂದರೆ ಕರಡಿಯನ್ನು ಓಡಿಸುವ ಖಾರದ ಸ್ಪ್ರೇ, ಚೀಲದ ತಳದಲ್ಲಿದ್ದರೆ ಪ್ರಯೋಜನವಿಲ್ಲ, ಸೊಂಟಕ್ಕೆ ಸಿಕ್ಕಿಸಿ.

10. ಪರೀಕ್ಷೆ, ಆಮೇಲೆ ಒಲೆ

ಕ್ರಾನಿಕ್ ವೇಸ್ಟಿಂಗ್ ಡಿಸೀಸ್, ಚಿಕ್ಕದಾಗಿ ಸಿಡಬ್ಲ್ಯುಡಿ, ಜಿಂಕೆ ಜಾತಿಯ ಮಿದುಳನ್ನು ನಿಧಾನವಾಗಿ ಹಾಳು ಮಾಡುವ ರೋಗ. ಮೊದಲು ಕಂಡದ್ದು ಈ ರಾಜ್ಯದಲ್ಲೇ, 1967ರಲ್ಲಿ, ಫೋರ್ಟ್ ಕಾಲಿನ್ಸ್‌ನ ಸಾಕಿದ ಮ್ಯೂಲ್ ಡಿಯರ್‌ಗಳಲ್ಲಿ. ಈಗ ರಾಜ್ಯದ 51 ಜಿಂಕೆ ಹಿಂಡುಗಳಲ್ಲಿ 40ಕ್ಕೂ ಹೆಚ್ಚು ಹಿಂಡುಗಳಲ್ಲಿದೆ. ಬಲಿತ ಗಂಡುಗಳಲ್ಲಿ ಜಾಸ್ತಿ, ಹಾಗಾಗಿ ಕೆಲವು ಹಿಂಡುಗಳಲ್ಲಿ ಇಲಾಖೆಯೇ ಗಂಡಿನ ಲೈಸೆನ್ಸ್ ಹೆಚ್ಚು ಕೊಡುತ್ತದೆ. ರೋಗ ಮೊದಮೊದಲು ಹೊರಗೆ ಕಾಣುವುದಿಲ್ಲ, ದಷ್ಟಪುಷ್ಟವಾಗಿ ಕಂಡ ಜಿಂಕೆಯಲ್ಲೂ ಇರಬಹುದು. ಮನುಷ್ಯರಿಗೆ ಬಂದ ದಾಖಲೆ ಇಲ್ಲ, ಆದರೂ ರೋಗ ಇದ್ದ ಜಿಂಕೆಯ ಮಾಂಸ ತಿನ್ನಬೇಡಿ ಅಂತ ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ ಹೇಳುತ್ತದೆ. ಬೇಯಿಸಿದರೆ ಹೋಗುವಂಥದ್ದಲ್ಲ ಇದು.

ಜಿಂಕೆಯ ತಲೆಯನ್ನು ಸಿಪಿಡಬ್ಲ್ಯು ಕೇಂದ್ರಕ್ಕೆ ಒಯ್ದು ಕೊಡಿ. ಕೆಲವು ವಿಭಾಗಗಳಲ್ಲಿ ಇದು ಕಡ್ಡಾಯ ಮತ್ತು ಉಚಿತ, ಉಳಿದ ಕಡೆ ಸಣ್ಣ ಶುಲ್ಕ. ಫಲಿತಾಂಶ ಬರುವವರೆಗೆ ಮಾಂಸಕ್ಕೆ ಚೀಟಿ ಅಂಟಿಸಿ ಫ್ರೀಜರ್‌ನಲ್ಲಿ ಬೇರೆ ಇಡಿ, ಗೆಳೆಯರಿಗೆ ಹಂಚಬೇಡಿ. ಮೂಳೆಗಳನ್ನು ಮನೆಯ ಹಿತ್ತಲಲ್ಲಿ ಹೂಳದೆ ಕಸದ ಮೂಲಕ ಲ್ಯಾಂಡ್‌ಫಿಲ್‌ಗೆ ಕಳಿಸಿ.

ಈ ಮಾಂಸದಲ್ಲಿ ಕೊಬ್ಬೇ ಇಲ್ಲ, ಕುರಿ ಮಾಂಸದ ಲೆಕ್ಕದಲ್ಲಿ ಬೇಯಿಸಿದರೆ ರಬ್ಬರ್ ಆಗುತ್ತದೆ. ಬೆನ್ನಿನ ಪಟ್ಟಿಯನ್ನು ತೆಳುವಾಗಿ ಕೊಯ್ದು, ಕಾಳುಮೆಣಸು, ಉಪ್ಪು, ಕರಿಬೇವು ಹಾಕಿ ಜೋರು ಉರಿಯಲ್ಲಿ ಎರಡು ಮೂರು ನಿಮಿಷ ಹುರಿದು ಇಳಿಸಿ. ಕಾಲಿನ ಗಟ್ಟಿ ಮಾಂಸ ಕುಕ್ಕರಿಗೆ. ಕಾಚಂಪುಲಿ ಇದ್ದರೆ ಕೊನೆಯಲ್ಲಿ ಒಂದು ಚಮಚ ಸಾಕು.

ಸೀಸನ್ ಮುಗಿದ ಮೇಲೆ ಸಿಪಿಡಬ್ಲ್ಯು ಕಡೆಯಿಂದ ಸಮೀಕ್ಷೆ ಬರುತ್ತದೆ: ಎಷ್ಟು ದಿನ ಹೋದಿರಿ, ಏನಾದರೂ ಬಿತ್ತಾ? ಏನೂ ಬೀಳದಿದ್ದರೂ ಉತ್ತರಿಸಿ. ಮುಂದಿನ ವರ್ಷ ಆ ಹಿಂಡಿಗೆ ಎಷ್ಟು ಲೈಸೆನ್ಸ್ ಅಂತ ನಿರ್ಧರಿಸುವಾಗ ಅವರ ಮುಂದಿರುವ ಲೆಕ್ಕದಲ್ಲಿ ಅದೂ ಒಂದು.